‘ಮಿತ್ರಾಯೂಸ್’ ಶಬ್ದದ ಹುಟ್ಟು ಮತ್ತು ಗಿಣ್ಣು ಬಸಿಯುವ ತಟ್ಟೆ

ಲಿಯೇಜ್, ೨೦ ಜುಲೈ ೧೮೭೦

ಪ್ರೀತಿಯ ಅಕ್ಕ ಒಡಿಲ್‌ಗೆ,

ಯೂರೋಪಿನ ಸಮಸ್ತ ದೊರೆಗಳೂ, ಮಂತ್ರಿಗಳೂ, ಅವರವರ ಕುದುರೆಗಳೂ ಕಿವಿ ನೆಟ್ಟಗೆ ಮಾಡಿಕೊಂಡು ಕೇಳತಕ್ಕದ್ದು: ನಿನ್ನ ತಮ್ಮನ ಮೇಜಿನ ಕುಂಟುಕಾಲು ಕೊನೆಗೂ ನಿಂತಿದೆ! ಎಷ್ಟೋ ವರ್ಷಗಳಿಂದ ಅಲುಗಾಡಿ ಅಲುಗಾಡಿ ನನ್ನ ಮೂರು ಮಸಿಕುಡಿಕೆ, ಒಂದು ಬಿಳಿ ಅಂಗಿ ಮತ್ತು ಲೋಕದಲ್ಲಿ ನನಗಿದ್ದ ಅಲ್ಪಸ್ವಲ್ಪ ಮರ್ಯಾದೆಯನ್ನು ಬಲಿ ತೆಗೆದುಕೊಂಡಿದ್ದ ಆ ಕಾಲಿಗೆ ಇಂದು ಬೆಳಿಗ್ಗೆ ಹೋದ ವರ್ಷದ ಪಂಚಾಂಗವನ್ನು ನಾಲ್ಕು ಮಡಿಕೆ ಮಾಡಿ ಒತ್ತುಕೊಟ್ಟೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಾನು ಬರೆದದ್ದರಿಂದ ಈ ಭೂಮಿಯ ಮೇಲೆ ಒಂದು ವಸ್ತುವಾದರೂ ನೆಟ್ಟಗೆ ನಿಂತದ್ದು ಇದೇ ಮೊದಲು. ಫ್ರೆಂಚರು ಪ್ರಷ್ಯದವರ ಮೇಲೆ ಯುದ್ಧ ಸಾರಿದರು ಎಂಬ ಇನ್ನೊಂದು ಸಣ್ಣ ಸುದ್ದಿಯೂ ನಿನ್ನೆ ಬಂದಿದೆ. ಪತ್ರಿಕೆಗಳವರಿಗೆ ಯಾವುದು ಮುಖ್ಯ ಎಂದು ತಿಳಿಯುವುದಿಲ್ಲ. ಮೇಜಿನ ವಿಷಯ ಬಿಟ್ಟು ಅದನ್ನೇ ಹಾಕಿಕೊಂಡು ಕೂತಿದ್ದಾರೆ.

ಆ ಯುದ್ಧದಿಂದ ನನಗೊಂದು ಕೆಲಸ ಹುಟ್ಟಿತು. ಮುದ್ರಣಾಲಯದ ಯಜಮಾನ ಗಾತಿ ನನ್ನನ್ನು ಒಳಗೆ ಕರೆದ.

“ಆನ್ಸೆಲ್ಮ್, ಊರಲ್ಲೆಲ್ಲ ಒಂದೇ ಮಾತು. ಫ್ರೆಂಚರ ಹತ್ತಿರ ಗುಟ್ಟಿನ ತೋಪೊಂದು ಇದೆಯಂತೆ. ಹಿಡಿಕೆ ತಿರುಗಿಸಿದರೆ ಆಲಿಕಲ್ಲು ಸುರಿದ ಹಾಗೆ ಗುಂಡು ಸುರಿಸುತ್ತಂತೆ. ಹೆಸರು ಮಿತ್ರಾಯೂಸ್. ಯಾರೂ ನೋಡಿಲ್ಲ, ಎಲ್ಲರಿಗೂ ಗೊತ್ತು. ಆ ಶಬ್ದದ ಅರ್ಥ ಏನು, ಎಲ್ಲಿಂದ ಬಂತು ಅಂತ ಬರುವ ವರ್ಷದ ಪಂಚಾಂಗಕ್ಕೆ ಅರ್ಧ ಪುಟ ಬರೆದುಕೊಡು. ಓದಿದವರು ನಗಬೇಕು. ಗ್ರಹಣದ ಪಕ್ಕದಲ್ಲಿ ಜಾಗ ಇಟ್ಟಿದ್ದೀನಿ.”

“ಯಾರೂ ನೋಡದೆ ಇರೋದರ ಬಗ್ಗೆ ಹೇಗೆ ಬರೀಲಿ ಯಜಮಾನರೇ?”

“ಮುಂದಿನ ಮಾರ್ಚಿನ ಗಾಳಿಮಳೆ ಬಗ್ಗೆ ಪ್ರತಿ ವರ್ಷ ಬರೀತೀಯಲ್ಲ, ಹಾಗೇ ಬರಿ.”

ಶಬ್ದದ ಅರ್ಧ ನಮ್ಮ ಮನೆಯದೇ, ಅಲ್ಲವೇ ಅಕ್ಕ? ‘ಮಿತ್ರಾಯ್’ ಎಂದರೆ ಹಳೇ ಕಬ್ಬಿಣ. ಅಪ್ಪ ಜೀವಮಾನವಿಡೀ ಕೈಗಾಡಿ ತಳ್ಳಿಕೊಂಡು ಕಣಿವೆಯುದ್ದಕ್ಕೂ “ಮಿತ್ರಾಯ್! ಮಿತ್ರಾಯ್!” ಎಂದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಗಾಡಿಯ ಪಕ್ಕ ನಡೆದವಳು ನೀನು. ಅಪ್ಪ ಆ ಮಾತನ್ನು ಯಾವುದಕ್ಕೆ ಹೇಳುತ್ತಿದ್ದ, ಯಾವುದಕ್ಕೆ ಹೇಳುತ್ತಿರಲಿಲ್ಲ, ಎರಡು ಸಾಲು ಬರೆದು ಕಳಿಸು.

ನಿನ್ನ ಮಗರಾಯ ರೆಮಿಯ ಪತ್ರ ಬಂತೇ? ಬಂದಿದ್ದರೆ ನೀನೇ ಹೇಳುತ್ತಿದ್ದೆ. ಆದರೂ ಕೇಳಿದೆ.

ನಿನ್ನ ತಮ್ಮ,
ಆನ್ಸೆಲ್ಮ್


ಫ್ರೆನೇ, ೧ ಆಗಸ್ಟ್

ಆನ್ಸೆಲ್ಮ್,

ಮೇಜು ನಿಂತದ್ದಕ್ಕೆ ಸಂತೋಷ. ನನ್ನ ಕಾಲೇ ಈಗ ಅಲುಗಾಡುತ್ತಿದೆ. ಅದಕ್ಕೂ ಒಂದು ಪಂಚಾಂಗ ಕಳಿಸು.

ಬರೆಯಲು ತಡವಾಯಿತು. ಕಣಿವೆಯಲ್ಲಿ ಕುಲುಮೆಗಳಿಗೆ ಉಸಿರಾಡಲು ಬಿಡುವಿಲ್ಲ. ನಳಿಗೆ ಬಡಿಯುವವರ ಮನೆಯಿಂದ ಬೆನ್ನುಬುಟ್ಟಿಗೆ ತುಂಬಿಸಿಕೊಂಡು ಅರ ಹಾಕುವವರ ಮನೆಗೆ, ಅಲ್ಲಿಂದ ದಿಬ್ಬ ಹತ್ತಿ ಮರದ ಹಿಡಿ ಕೆತ್ತುವವರ ಮನೆಗೆ, ಅಲ್ಲಿಂದ ಇಳಿದು ಪರೀಕ್ಷಕನ ಬಾಗಿಲಿಗೆ. ಇಡೀ ಕೋವಿ ಯಾರ ಮನೆಯಲ್ಲೂ ಇಲ್ಲ, ಎಲ್ಲರ ಮನೆಯ ತುಂಡುಗಳೂ ನನ್ನ ಬೆನ್ನ ಮೇಲೆ. ಮನೆಗೆ ಬಂದು ಬುಟ್ಟಿಯ ಪಟ್ಟಿ ಕಳಚಿದರೆ ಪೆನ್ನು ಹಿಡಿಯಲು ಬೆರಳು ಬಗ್ಗುವುದಿಲ್ಲ.

ಮಿತ್ರಾಯ್ ಬಗ್ಗೆ ಕೇಳಿದ್ದೀಯ. ಅಪ್ಪನ ಗಾಡಿ ಕಂಡರೆ ಇಗರ್ಜಿಯ ಗೋಡೆ ಹಿಂದೆ ಅವಿತುಕೊಳ್ಳುತ್ತಿದ್ದವನು ನೀನು. ಈಗ ಅದರ ಮೇಲೆ ಅರ್ಧ ಪುಟ ಬೇಕಾಯಿತು ನೋಡು. ಇರಲಿ, ಬರೆದುಕೋ.

ಗಾಡಿ ನಿಂತರೆ ಹೆಂಗಸರು ಒಲೆ ಹಿಂದಿನ ಬುಟ್ಟಿ ತಂದು ಸುರಿಯುತ್ತಿದ್ದರು. ಅಪ್ಪ ಒಂದೊಂದನ್ನೂ ಎತ್ತಿ ಹಿಡಿದು ಕೇಳುತ್ತಿದ್ದ: “ಇದು ಏನಾಗಿತ್ತು ತಾಯಿ?” “ಕೊಟ್ಟಿಗೆ ಬೀಗ ಕಣಪ್ಪ.” “ಇದು?” “ನಮ್ಮತ್ತೆ ಸೌಟು. ಅವಳ ನಾಲಿಗೆಗಿಂತ ಮೊದಲೇ ಸವೆದುಹೋಯಿತು.” ಹೇಳಿದ ಮೇಲೇ ಗಾಡಿಗೆ ಹಾಕುತ್ತಿದ್ದ, ಹೇಳುವ ತನಕ ಹಾಕುತ್ತಿರಲಿಲ್ಲ. ಒಮ್ಮೆ ಹಾಕಿದ ಮೇಲೆ ಅದರ ಹೆಸರು ಎತ್ತಬಾರದು. “ಆ ಸೌಟಿಗೆ ಹಿಡಿ ಹಾಕಿಸಬಹುದು ಅಪ್ಪ” ಎಂದು ನಾನೊಮ್ಮೆ ಅಂದೆ. “ಯಾವ ಸೌಟು? ಅದೀಗ ಮಿತ್ರಾಯ್” ಅಂದ. ನನಗೆ ಗೊತ್ತಿರುವುದು ಇಷ್ಟೇ. ಹೆಸರು ಹೋದ ಕಬ್ಬಿಣಕ್ಕೆ ಮಿತ್ರಾಯ್ ಎನ್ನುತ್ತಾರೆ. ಆ ಗಾಡಿ ಈಗ ಬೊಡ್ಸನ್ ಹತ್ತಿರ ಇದೆ. ಗಾಡಿಯ ಜೊತೆ ಆ ಪ್ರಶ್ನೆಯನ್ನೂ ಕೊಂಡುಕೊಂಡಿದ್ದಾನೆ, ಅವನೂ ಕೇಳಿಯೇ ಹಾಕುವುದು.

ರೆಮಿಯ ಪತ್ರ ಬಂದಿಲ್ಲ. ಈಸ್ಟರ್ ಮರುದಿನ ಹೋದವನು. ಹೋಗುವಾಗ ಏನಂದ ಎಂದು ನಿನಗೆ ಹೇಳಿರಲಿಲ್ಲ. “ಅಮ್ಮಾ, ಮೂರು ತಲೆಮಾರಿನಿಂದ ಈ ಓಣಿಯಲ್ಲಿ ತುಂಡು ಮಾಡ್ತಾ ಇದ್ದೀವಿ. ಇಡೀದನ್ನ ಯಾರಾದರೂ ನೋಡಿದ್ದಾರಾ? ಆ ಫ್ರೆಂಚರ ಕಾರ್ಖಾನೆಯಲ್ಲಿ ಎಲ್ಲಾ ಜೋಡಿಸ್ತಾರಂತೆ. ನಾನು ಒಂದನ್ನಾದರೂ ಇಡಿಯಾಗಿ ನೋಡಬೇಕು” ಅಂದ. ನಾನು, “ಇಡೀದನ್ನ ಸರಿಯಾಗಿ ನೋಡೋರು ಅದರ ಎದುರುಗಡೆ ನಿಂತಿರ್ತಾರೆ ಕಣೋ. ಹೋಗೋದಾದರೆ ಹೋಗು, ತಿರುಗಿ ಈ ಹೊಸಿಲು ತುಳೀಬೇಡ” ಅಂದೆ. ಅವನು ಟೋಪಿ ತೆಗೆದುಕೊಂಡು ಹೊರಟ. ಮೊದಲ ಬಾರಿಗೆ ಅಮ್ಮನ ಮಾತು ಕೇಳಿದ್ದಾನೆ. ಹೊಸಿಲು ತುಳಿದಿಲ್ಲ.

ಇದನ್ನು ಬರೆಯುವಾಗ ಪಕ್ಕದಲ್ಲಿ ಗಿಣ್ಣು ಬಸಿಯುತ್ತಿದೆ, ಅವನೇ ಕೊಟ್ಟ ತಟ್ಟೆಯ ಮೇಲೆ. ನೆನಪಿದೆಯಾ? ಹೋದ ಚಳಿಗಾಲ ಫ್ರಾನ್ಸಿನಿಂದ ಬಂದ ಕೆಲಸಕ್ಕೆ ಉಕ್ಕಿನ ತಟ್ಟೆಯಲ್ಲಿ ತೂತು ಕೊರೆದಿದ್ದ. ಪರೀಕ್ಷಕ ಒಂದು ತೂತು ಕೂದಲೆಳೆಯಷ್ಟು ಆಚೆ ಹೋಗಿದೆ ಎಂದು ಪಕ್ಕಕ್ಕೆ ಎಸೆದ. “ಫ್ರೆಂಚರಿಗೆ ಬೇಡವಾದರೆ ಬೇಡ, ನಮ್ಮಮ್ಮನ ಗಿಣ್ಣು ಇಷ್ಟೊಂದು ಲೆಕ್ಕಾಚಾರ ಹಾಕಲ್ಲ” ಎಂದು ನಗುತ್ತಾ ತಂದುಕೊಟ್ಟ. ಅದು ಯಾವುದರ ಭಾಗ ಎಂದು ಕೊರೆದ ಅವನಿಗೂ ಗೊತ್ತಿರಲಿಲ್ಲ. ಎದುರುಮನೆ ಲೆಯೊಕಾದಿ ದೊಡ್ಡವರ ಮನೆಯ ಗ್ಯಾಸು ದೀಪದ್ದು ಎಂದಳು. ಪಾದ್ರಿಗಳು ಇಗರ್ಜಿಯ ವಾದ್ಯದ ಕೊಳವೆ ನಿಲ್ಲಿಸುವುದು ಎಂದರು. ನನಗಂತೂ ಅಂಥ ತಟ್ಟೆ ಇನ್ನೊಂದು ಸಿಕ್ಕಿಲ್ಲ. ಮೇಲೆ ಬಟ್ಟೆ ಹಾಸಿ ಗಿಣ್ಣು ಕಟ್ಟಿಟ್ಟರೆ ಬೆಳಗಾಗುವುದರೊಳಗೆ ಹೂವಿನ ಹಾಗಿರುತ್ತದೆ.

ನಿನ್ನ ಅಕ್ಕ,
ಒಡಿಲ್


ಲಿಯೇಜ್, ೧೪ ಆಗಸ್ಟ್

ಅಕ್ಕಾ,

ನಿನ್ನ ಪತ್ರವನ್ನು ಎರಡು ಸಲ ಓದಿ, ಟೋಪಿ ತೆಗೆದು, ಮೇಜಿಗೆ ನಮಸ್ಕರಿಸಿದೆ. ಆಮೇಲೆ ವಿದ್ವಾಂಸರ ಮಹಾಸಭೆ ಕರೆದೆ. ಸಭೆ ನಡೆದದ್ದು ಸೇತುವೆ ಪಕ್ಕದ ಕಾಫಿ ಅಂಗಡಿಯಲ್ಲಿ. ಅಧ್ಯಕ್ಷತೆಯನ್ನು ಕಾಫಿ ಅಂಗಡಿಯ ಬೆಕ್ಕು ವಹಿಸಿಕೊಂಡಿತ್ತು.

ನಿವೃತ್ತ ಕ್ಯಾಪ್ಟನ್ ದೆಲ್ವೋ ಮೀಸೆ ಒರೆಸಿಕೊಂಡು ಹೇಳಿದರು: “ಇದರಲ್ಲಿ ವಿಚಾರ ಮಾಡೋಕೆ ಏನಿದೆ? ಮುತ್ತಿಗೆಯಲ್ಲಿ ಗುಂಡು ಮುಗಿದರೆ ನಾವು ಮೊಳೆ, ಸರಪಳಿ ಚೂರು, ಮುರಿದ ಲಾಳ, ಕೈಗೆ ಸಿಕ್ಕಿದ್ದನ್ನ ತೋಪಿನ ಬಾಯಿಗೆ ತುಂಬಿ ಹಾರಿಸ್ತಿದ್ದೆವು. ಅದಕ್ಕೇ ಮಿತ್ರಾಯ್ ಅಂತಿದ್ದದ್ದು. ಆಮೇಲೆ ಸರ್ಕಾರದವರು ಅಚ್ಚುಕಟ್ಟಾಗಿ ಸಣ್ಣ ಗುಂಡು ಎರಕ ಹೊಯ್ದು ಡಬ್ಬಿಯಲ್ಲಿಟ್ಟು ಕೊಟ್ಟರು. ಹೆಸರು ಮಾತ್ರ ಹಳೇದೇ ಉಳೀತು.”

“ಅದಕ್ಕೂ ಮುಂಚೆ ಚಿಲ್ಲರೆ ಕಾಸು ರೀ,” ಎಂದರು ಲ್ಯಾಟಿನ್ ಮೇಷ್ಟ್ರು. “ತೀರಾ ಹಳೆಯ ಕಾಲದಲ್ಲಿ ಮೀಟ್ ಅನ್ನೋ ತಾಮ್ರದ ಪುಡಿಗಾಸು ಇತ್ತು. ಎಲ್ಲಕ್ಕಿಂತ ಕಡಿಮೆ ಬೆಲೆಯದು. ಅದರಿಂದ ಮಿತ್ರಾಯ್. ಮೊದಲು ಪುಡಿಗಾಸು, ಆಮೇಲೆ ಪುಡಿ ಲೋಹ, ಆಮೇಲೆ ತೋಪಿನ ಬಾಯಿಗೆ ತುಂಬೋ ಪುಡಿ.”

“ನೀವು ಯಾವ ಯುದ್ಧದಲ್ಲಿ ಇದ್ರಿ?”

“ಮೂವತ್ತು ವರ್ಷ ಶಾಲೆಯಲ್ಲಿ ಇದ್ದೆ ಕ್ಯಾಪ್ಟನ್. ನಿಮ್ಮ ಮುತ್ತಿಗೆ ಎಷ್ಟು ದಿನದ್ದು?”

ಬೆಕ್ಕು ಎದ್ದುಹೋದ್ದರಿಂದ ಸಭೆ ಮುಗಿಯಿತು. ಒಟ್ಟು ಇತ್ಯರ್ಥ ಹೀಗೆ: ಬೆಲೆ ಇಲ್ಲದ ಕಾಸು, ಬೆಲೆ ಇಲ್ಲದ ಕಬ್ಬಿಣ, ಬೆಲೆ ಇಲ್ಲದ ಕಬ್ಬಿಣ ತುಂಬಿದ ತೋಪು, ಕೊನೆಗೆ ಹಿಡಿಕೆ ತಿರುಗಿಸಿದರೆ ಅದನ್ನೆಲ್ಲ ತಾನೇ ಸುರಿಯುವ ಯಂತ್ರ. ಹೆಸರಿಟ್ಟವರು ಅದನ್ನು ಹೆಣ್ಣು ಮಾಡಿದ್ದಾರೆ. ಮಿತ್ರಾಯೂಸ್ ಎಂದರೆ ಹಳೇ ಕಬ್ಬಿಣ ಎರಚುವವಳು. ನಿನಗೆ ಇದು ಹೇಗೆ ಅನ್ನಿಸುತ್ತದೋ ನೋಡು. ಪತ್ರಿಕೆಗಳಂತೂ ಅವಳನ್ನು ಮದುವೆ ಹೆಣ್ಣಿನ ಹಾಗೆ ಹೊಗಳುತ್ತಿವೆ. ಗಡಿಯಲ್ಲಿ ಮೊದಲ ಕೈಯಲ್ಲೇ ಪ್ರಷ್ಯದವರನ್ನು ಗುಡಿಸಿ ಹಾಕಿದಳಂತೆ. ಕಾಫಿ ಅಂಗಡಿಯವರು ಅವಳಿಗೆ ಆಗಲೇ ಅಡ್ಡಹೆಸರು ಇಟ್ಟಾಗಿದೆ: ಕಾಫಿ ಬೀಸುವ ಯಂತ್ರ.

ಇನ್ನೊಂದು ವಿಷಯ. ಪ್ಯಾರಿಸ್ಸಿನ ಚಿತ್ರಪತ್ರಿಕೆಯೊಂದು ಗಾತಿಯ ಮೇಜಿನ ಮೇಲಿತ್ತು. ಅದರಲ್ಲಿ ಆ ಗುಟ್ಟಿನ ತೋಪಿನ ಚಿತ್ರ ಹಾಕಿದ್ದಾರೆ, ಬಿಡಿಭಾಗಗಳನ್ನೂ ಪಕ್ಕದಲ್ಲಿ ಬಿಡಿಸಿದ್ದಾರೆ. ಅದರ ಮೇಲೆ ಏನಾದರೂ ನಗೆಮಾತು ಬರೆಯೋಣ ಎಂದು ಕೂತೆ, ಒಂದೂ ಹೊಳೆಯಲಿಲ್ಲ. ಮೇಜು ಅಲುಗಾಡಿದ್ದಲ್ಲ, ನಾನೇ.

ರೆಮಿಯ ತಟ್ಟೆಯಲ್ಲಿ ಎಷ್ಟು ತೂತುಗಳಿವೆ ಅಕ್ಕ? ಸುಮ್ಮನೆ ಕೇಳಿದೆ.

ಆನ್ಸೆಲ್ಮ್


ಫ್ರೆನೇ, ೨೪ ಆಗಸ್ಟ್

ಆನ್ಸೆಲ್ಮ್,

ಐದೈದರಂತೆ ಐದು ಸಾಲು. ನೀನು ಹುಟ್ಟಿದಾಗಿನಿಂದ ಸುಮ್ಮನೆ ಏನನ್ನೂ ಕೇಳಿದವನಲ್ಲ. ಯಾಕೆ ಕೇಳಿದೆ, ಬರಿ.

ಅದು ಹೆಣ್ಣಂತೆ. ಮನೆ ಮನೆಯಲ್ಲಿ ಚೂರು ಗುಡಿಸಿ, ಆಯ್ದು, ಬುಟ್ಟಿಗೆ ತುಂಬಿಡುವವಳು ಹೆಣ್ಣು. ಅದನ್ನು ಎರಚುವವಳೂ ಹೆಣ್ಣೇ ಆಗಿಬಿಟ್ಟಳಾ! ಹಿಡಿಕೆ ತಿರುಗಿಸುವವನ ಹೆಸರು ಏನಂತೆ, ಅದನ್ನೂ ಕೇಳು ನಿನ್ನ ಬೆಕ್ಕಿನ ಸಭೆಯಲ್ಲಿ.

ಇಲ್ಲಿ ಲೆಯೊಕಾದಿ ಹೊಸ ಪರದೆ ಹಾಕಿಸಿದ್ದಾಳೆ. ನಿನ್ನೆ ನೀರು ತರುವಾಗ ಸಿಕ್ಕು, “ಒಡಿಲ್, ಈ ಯುದ್ಧ ಕ್ರಿಸ್ಮಸ್ ತನಕ ಎಳೆದರೆ ನಮ್ಮ ಮನೆ ಮಾಡೂ ರಿಪೇರಿ ಆಗುತ್ತೆ ಕಣೆ” ಅಂದಳು. ಆಮೇಲೆ ನನ್ನ ಮುಖ ನೋಡಿ, “ಅಯ್ಯೋ, ನಿನ್ನ ಹುಡುಗ ಕಾರ್ಖಾನೆಯಲ್ಲಿ ತಾನೇ ಇರೋದು, ಅಲ್ಲಿಗೆ ಗುಂಡು ಬರಲ್ಲ ಬಿಡು” ಅಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ತ್ರಾಣ ಇರಲಿಲ್ಲ. ಅವಳ ಗಂಡ ಬಡಿದ ನಳಿಗೆಗಳೇ ನನ್ನ ಬುಟ್ಟಿಯಲ್ಲಿದ್ದವು. ಹೊತ್ತುಕೊಂಡು ದಿಬ್ಬ ಹತ್ತಿದೆ. ಅರ್ಧ ದಾರಿಯಲ್ಲಿ ಕೂತೆ. ಎದ್ದೆ. ಮತ್ತೆ ಹತ್ತಿದೆ.

ಕಾರ್ಖಾನೆಯ ಫಿಟ್ಟರುಗಳನ್ನು ತೋಪಿನ ಜೊತೆಯೇ ರಣರಂಗಕ್ಕೆ ಕಳಿಸಿದ್ದಾರೆ, ಸೈನಿಕರಿಗೆ ಅದನ್ನು ಬಿಚ್ಚಿ ಜೋಡಿಸಲು ಬರುವುದಿಲ್ಲ ಎಂದು ಪರೀಕ್ಷಕನ ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಿಜವಾ? ನೀನು ಪಟ್ಟಣದಲ್ಲಿದ್ದೀಯ. ಅಲ್ಲಿರುವ ಫ್ರೆಂಚ್ ಸರ್ಕಾರದ ಕಚೇರಿಗೆ ಹೋಗಿ ವಿಚಾರಿಸು. ಅರ್ಧ ಪುಟ ಆಮೇಲೆ ಬರೆಯುವೆಯಂತೆ.

ಒಡಿಲ್


ಲಿಯೇಜ್, ೮ ಸೆಪ್ಟೆಂಬರ್

ಅಕ್ಕಾ,

ಸೆದಾನಿನ ಸುದ್ದಿ ನಿನಗೂ ತಲುಪಿರುತ್ತದೆ. ಫ್ರೆಂಚ್ ಚಕ್ರವರ್ತಿಯೇ ಸೆರೆಯಾದ ಮೇಲೆ ಕಚೇರಿಯವರಿಗೆ ಯಾರ ಹೆಸರಿನಲ್ಲಿ ಮೊಹರು ಒತ್ತಬೇಕು ಎಂಬುದೇ ದೊಡ್ಡ ಚಿಂತೆ. ಮೂರು ದಿನ ಅಲ್ಲಿ ಸಾಲಿನಲ್ಲಿ ನಿಂತೆ. ಕಿಟಕಿಯ ಹಿಂದಿನ ಗುಮಾಸ್ತ ಪಾಪ, ಕೆಟ್ಟವನಲ್ಲ. ಕಣ್ಣು ಕೆಂಪಗಾಗಿತ್ತು.

“ನಿಮ್ಮ ಹುಡುಗ ಸೈನಿಕನಾ?”

“ಅಲ್ಲ. ಕಾರ್ಖಾನೆ ಕೆಲಸದವನು. ತೋಪಿನ ಜೊತೆ ಹೋಗಿರಬಹುದು.”

“ಸೈನಿಕ ಅಲ್ಲದಿದ್ದರೆ ಸತ್ತವರ ಪಟ್ಟಿಯಲ್ಲಿ ಇರಲ್ಲ.”

“ದೇವರು ದೊಡ್ಡವನು. ಹಾಗಾದರೆ ಬದುಕಿದ್ದಾನೆ.”

“ಬದುಕಿದವರ ಪಟ್ಟಿಯಲ್ಲೂ ಇರಲ್ಲ ಮಹಾಶಯರೇ.”

“ಹಾಗಾದರೆ ಅವನು ಎಲ್ಲಿದ್ದಾನೆ ಅಂತ?”

ಗುಮಾಸ್ತ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ದನಿ ತಗ್ಗಿಸಿ, “ಸೆದಾನಿನಿಂದ ಕೆಲವರು ಕಾಡು ಹಿಡಿದು ನಿಮ್ಮ ಗಡಿ ದಾಟಿದ್ದಾರೆ. ಬುಯ್ಯೋಂ ಕಡೆ ಹೋಗಿ ನೋಡಿ. ನಾನು ಹೇಳಿದೆ ಅನ್ನಬೇಡಿ” ಅಂದ.

ನಾಳೆ ಬೆಳಿಗ್ಗೆ ಹೊರಡುತ್ತೇನೆ. ಎಲ್ಲಿಯ ತನಕ ರೈಲು ಹೋಗುತ್ತದೋ ಅಲ್ಲಿಯ ತನಕ ರೈಲು, ಆಮೇಲೆ ಯಾರಾದರೂ ಆಲೂಗಡ್ಡೆ ಗಾಡಿಯವನು ಹತ್ತಿಸಿಕೊಂಡರೆ ಗಾಡಿ. ನನ್ನನ್ನೂ ಆಲೂಗಡ್ಡೆ ಎಂದೇ ಭಾವಿಸಿದರೆ ಇನ್ನೂ ಒಳ್ಳೆಯದು, ಯಾರೂ ಕಾಗದಪತ್ರ ಕೇಳುವುದಿಲ್ಲ.

ತೂತುಗಳನ್ನು ಯಾಕೆ ಕೇಳಿದೆ ಎಂದೆ. ಹೇಳಿಯೇ ಹೊರಡುತ್ತೇನೆ. ಚಿತ್ರದಲ್ಲಿದ್ದ ಬಿಡಿಭಾಗಗಳಲ್ಲಿ ಒಂದು ಉಕ್ಕಿನ ತಟ್ಟೆ. ಐದೈದರಂತೆ ಐದು ಸಾಲು ತೂತು. ಒಂದೊಂದು ತೂತಿನ ಹಿಂದೆ ಒಂದೊಂದು ಸೂಜಿ, ಮುಂದೆ ಒಂದೊಂದು ತೋಟಾ, ಅದರ ಮುಂದೆ ಒಂದೊಂದು ನಳಿಗೆ. ಗ್ಯಾಸು ದೀಪದ್ದಲ್ಲ ಅಕ್ಕ, ಇಗರ್ಜಿಯ ವಾದ್ಯದ್ದೂ ಅಲ್ಲ. ಆ ಎರಚುವವಳ ಎದೆಯೊಳಗಿನ ಭಾಗ ಅದು. ನಮ್ಮ ಓಣಿಯಲ್ಲಿ ಅರ ಹಾಕಿ, ನಿನ್ನ ಬೆನ್ನ ಮೇಲೆ ದಿಬ್ಬ ಹತ್ತಿ ಹೋದದ್ದು.

ನಗೆಮಾತು ಒಂದೂ ಉಳಿದಿಲ್ಲ, ಕ್ಷಮಿಸು. ದಾರಿಯಲ್ಲಿ ಸಿಕ್ಕರೆ ಆರಿಸಿಕೊಂಡು ಬರುತ್ತೇನೆ.

ಆನ್ಸೆಲ್ಮ್


ಬುಯ್ಯೋಂ, ೧೫ ಸೆಪ್ಟೆಂಬರ್

ಅಕ್ಕಾ,

ಸಿಕ್ಕಿದ್ದಾನೆ. ಬದುಕಿದ್ದಾನೆ. ಈ ಎರಡು ಮಾತು ಓದಿ ಮೊದಲು ಕೂತುಕೋ. ಮಿಕ್ಕದ್ದನ್ನು ಕೂತೇ ಓದು.

ಮರದ ಮಿಲ್ಲಿನ ಕೊಟ್ಟಿಗೆಯೊಂದರಲ್ಲಿ ಗಡಿ ದಾಟಿ ಬಂದ ಫ್ರೆಂಚರನ್ನೆಲ್ಲ ನಮ್ಮ ಸೈನ್ಯದವರು ಕೂಡಿಟ್ಟಿದ್ದಾರೆ. ನಮ್ಮ ದೇಶ ಯಾರ ಕಡೆಯೂ ಅಲ್ಲವಲ್ಲ, ಆದ್ದರಿಂದ ಎಲ್ಲರನ್ನೂ ಹಿಡಿದಿಡಬೇಕಂತೆ. ರೆಮಿ ಅವರ ನಡುವೆ ಹುಲ್ಲಿನ ಮೇಲೆ ಕೂತಿದ್ದ. ಮೈಮೇಲೆ ಫ್ರೆಂಚ್ ಕೋಟು, ಬಲಗೈಗೆ ಬಟ್ಟೆ ಸುತ್ತಿತ್ತು. ನನ್ನನ್ನು ನೋಡಿದ. ಗುರುತು ಹಿಡಿದ. ಮಾತಾಡಲಿಲ್ಲ.

ಕಾವಲಿನ ಸಾರ್ಜೆಂಟು ಮೀಸೆ ಮೂಡದ ಹುಡುಗ. “ಇವನು ಬಂದಾಗಿನಿಂದ ಬಾಯೇ ಬಿಟ್ಟಿಲ್ಲ. ಫ್ರೆಂಚನೇ ಇರಬೇಕು. ಕಳಿಸೋಕಾಗಲ್ಲ” ಅಂದ.

“ನನ್ನ ಅಕ್ಕನ ಮಗ ಸಾರ್. ನಮ್ಮ ಕಡೆಯ ವಲೂನ್ ಭಾಷೆಯಲ್ಲಿ ಹುಟ್ಟಿ ಬೆಳೆದವನು.”

“ಹಾಗಾದರೆ ವಲೂನಿನಲ್ಲಿ ನಾಲ್ಕು ಮಾತಾಡಲಿ. ನಾನೂ ಲಿಯೇಜಿನವನೇ, ಗೊತ್ತಾಗುತ್ತೆ.”

ಆನ್ಸೆಲ್ಮ್ ಕೊಲಿನೆ ಎಂಬ ಹೆಸರಾಂತ ಹಾಸ್ಯ ಬರಹಗಾರ ತನ್ನ ಜೀವಮಾನದ ಕಲೆಯನ್ನೆಲ್ಲ ಅಲ್ಲಿ ಸುರಿದ. ಊರಿನ ಸುದ್ದಿ ಹೇಳಿದೆ. ಮೇಜಿನ ಕಥೆ ಹೇಳಿದೆ. ಪರೀಕ್ಷಕನ ಮೂಗನ್ನು ಅನುಕರಿಸಿದೆ. ಪಕ್ಕದ ಫ್ರೆಂಚರು ಅರ್ಥವಾಗದೆಯೂ ನಕ್ಕರು. ಇವನು ಗೋಡೆ ನೋಡುತ್ತಾ ಕೂತಿದ್ದ. ಸಾರ್ಜೆಂಟು ಗಡಿಯಾರ ತೆಗೆದು ನೋಡಿದ. ಕೊನೆಗೆ ನನಗೆ ಬೇರೆ ದಾರಿ ಕಾಣದೆ, “ಸರಿ ಕಣೋ, ಇಲ್ಲೇ ಇರು. ನಿನ್ನಮ್ಮನ ಗಿಣ್ಣು ಹುಳಿ, ಅದನ್ನ ತಿಂದು ಬೆಳೆದದ್ದಕ್ಕೇ ನಿನ್ನ ಮೆದುಳು ಒಡೆದುಹೋಗಿದೆ, ಲೆಯೊಕಾದಿಯ ಗಿಣ್ಣೇ ಎಷ್ಟೋ ವಾಸಿ” ಅಂದೆ.

ಅಕ್ಕಾ, ಅವನು ತಲೆ ಎತ್ತಿ ಬೈದ ನೋಡು! ನನ್ನನ್ನು, ನನ್ನ ಪಂಚಾಂಗವನ್ನು, ಲೆಯೊಕಾದಿಯ ಹಸುವನ್ನು, ಆ ಹಸುವಿನ ಏಳು ತಲೆಮಾರನ್ನು. ಎಲ್ಲಾ ಶುದ್ಧ ವಲೂನಿನಲ್ಲಿ. ಸಾರ್ಜೆಂಟು ಟೋಪಿ ತೆಗೆದು, “ಸಾಕು ಮಹಾಶಯರೇ, ಇವನು ನಮ್ಮ ಕಣಿವೆಯವನೇ, ಕರಕೊಂಡು ಹೋಗಿ” ಅಂದ.

ಕೆಳಗಿನದು ಅವನ ಮಾತು. ಅವನ ಕೈ ಬರೆಯುವ ಸ್ಥಿತಿಯಲ್ಲಿ ಇಲ್ಲ. ಅವನು ಹೇಳುತ್ತಿದ್ದಾನೆ, ನಾನು ಬರೆಯುತ್ತಿದ್ದೇನೆ. ನನ್ನ ಕಡೆಯಿಂದ ಒಂದಕ್ಷರವೂ ಸೇರಿಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಾನೆ.

ಅಮ್ಮಾ,

ಇಡಿಯಾಗಿ ನೋಡಿದೆ. ಚೆನ್ನಾಗಿತ್ತು. ಮೊದಲನೇ ದಿನ ಸುತ್ತಲೂ ತಿರುಗಿ ತಿರುಗಿ ನೋಡಿದೆ. ಅರದ ಗೀರು ನೋಡಿ ಇದು ನಮ್ಮ ಓಣಿಯವರದು, ಇದು ಲೆಯೊಕಾದಿ ಅತ್ತೆಯ ಗಂಡ ಬಡಿದದ್ದು ಎಂದು ಗುರುತು ಹಿಡಿದೆ. ಮನೆಗೆ ಬಂದ ಹಾಗಾಯಿತು.

ಆಮೇಲೆ ಯುದ್ಧಕ್ಕೆ ಕರಕೊಂಡು ಹೋದರು. ಗುಟ್ಟು ಗುಟ್ಟು ಎಂದು ಸೈನಿಕರಿಗೆ ಯಾರೂ ಅದನ್ನು ಮೊದಲೇ ತೋರಿಸಿರಲಿಲ್ಲ. ಸಿಕ್ಕಿಕೊಂಡರೆ ಬಿಚ್ಚಲು ನನ್ನನ್ನು ಕರೆಯುತ್ತಿದ್ದರು. ಬಿಚ್ಚಿ ಸರಿಮಾಡಿ ಕೊಡುತ್ತಿದ್ದೆ. ಹಿಡಿಕೆಯವನು ಕಾಫಿ ಬೀಸಿದ ಹಾಗೆ ತಿರುಗಿಸುತ್ತಿದ್ದ. ಎದುರಿನ ಗದ್ದೆಯಲ್ಲಿ ಏನಾಯಿತು ಎಂದು ಹೇಳಲಾರೆ. ನೀನು ಹೊಸಿಲಲ್ಲಿ ನಿಂತು ಹೇಳಿದ ಮಾತು ಅಲ್ಲಿ ನೆನಪಾಯಿತು.

ಸೆದಾನಿನಲ್ಲಿ ಎಲ್ಲ ಮುಗಿದ ಮೇಲೆ, ಶತ್ರುವಿಗೆ ಸಿಗದ ಹಾಗೆ ಒಡೆದುಹಾಕು ಎಂದರು. ಸುತ್ತಿಗೆ ತೆಗೆದುಕೊಂಡು ನಾನೇ ಒಡೆದೆ. ಒಂದೊಂದು ಭಾಗಕ್ಕೂ ಹೊಡೆಯುವಾಗ ಅದನ್ನು ಮಾಡಿದವರ ಮನೆ ಕಣ್ಣಿಗೆ ಬರುತ್ತಿತ್ತು. ತೋಪಿನ ಹಿಂಬದಿಯ ಬಾಗಿಲು ಕೈಮೇಲೆ ಬಿತ್ತು. ಎರಡು ಬೆರಳು ಹೋಗಿವೆ. ಮಿಕ್ಕವು ಇವೆ.

ಹೊಸಿಲು ತುಳಿಯಬೇಡ ಎಂದಿದ್ದೆ. ಮಾಮ ಕಿಟಕಿಯಿಂದ ಬಾ ಎನ್ನುತ್ತಿದ್ದಾನೆ. ನೀನು ಏನು ಹೇಳುತ್ತೀಯೋ ಹಾಗೆ.

ರೆಮಿ

(ಆಣೆ ಮುರಿದು ಒಂದು ಸಾಲು: ಕಿಟಕಿ ಚಿಕ್ಕದು, ಬಾಗಿಲೇ ತೆಗೆದಿಡು. ಆನ್ಸೆಲ್ಮ್.)


ಫ್ರೆನೇ, ೧೨ ನವೆಂಬರ್

ತಮ್ಮಾ,

ಪಂಚಾಂಗ ಬಂತು. ಗ್ರಹಣದ ಪಕ್ಕದಲ್ಲಿ ಹುಡುಕಿದೆ. ಅರ್ಧ ಪುಟ ಹೋಗಿ ಎರಡು ಸಾಲು ಉಳಿದಿದೆ: ‘ಮಿತ್ರಾಯೂಸ್: ಹಳೇ ಕಬ್ಬಿಣ ಎರಚುವ ಯಂತ್ರ. ಅದು ಹಳೇ ಕಬ್ಬಿಣ ಆಗುವ ಮುಂಚೆ ಏನಾಗಿತ್ತು ಎಂದು ಮೊದಲು ಕೇಳತಕ್ಕದ್ದು.’ ಕೆಳಗೆ ಗಾತಿ ಮೀಸೆ ಎಣ್ಣೆಯ ಜಾಹೀರಾತು ತುಂಬಿಸಿದ್ದಾನೆ. ನಗು ಬರಬೇಕು ಎಂದಿದ್ದನಲ್ಲ, ಜಾಹೀರಾತಿನ ಮೀಸೆ ನೋಡಿ ನಕ್ಕೆ. ನಿನ್ನ ಎರಡು ಸಾಲು ನನಗೆ ಸಾಕು.

ರೆಮಿ ಹೇಗಿದ್ದಾನೆ ಎಂದು ಪ್ರತಿ ಪತ್ರದಲ್ಲೂ ಕೇಳುತ್ತೀಯ, ನಾನು ಬರೆಯುವುದಿಲ್ಲ. ಬರೆಯಲು ಏನಿತ್ತು? ಅವನು ಬಂದ ದಿನ ಬಾಗಿಲು ತೆರೆದೇ ಇಟ್ಟಿದ್ದೆ. ಹೊಸಿಲ ಆಚೆ ನಿಂತ. “ಒಳಗೆ ಬಾರೋ, ಚಳಿ ಬರ್ತಾ ಇದೆ” ಅಂದೆ. ಬಂದ. ಆಮೇಲೆ ಒಲೆ ಪಕ್ಕ ಕೂತವನು ಕೂತೇ ಇದ್ದ. ಕೊಟ್ಟರೆ ತಿನ್ನುತ್ತಾನೆ, ಕರೆದರೆ ತಿರುಗುತ್ತಾನೆ. ಓಣಿಯಲ್ಲಿ ಯಾರ ಮನೆಯಲ್ಲಾದರೂ ಸುತ್ತಿಗೆ ಸದ್ದು ಶುರುವಾದರೆ ಎದ್ದು ಹಿತ್ತಲಿಗೆ ಹೋಗುತ್ತಾನೆ. ಇಲ್ಲಿ ಸುತ್ತಿಗೆ ಸದ್ದಿಲ್ಲದ ಹೊತ್ತು ಯಾವುದಿದೆ? ದಿನವೆಲ್ಲ ಹಿತ್ತಲಲ್ಲೇ.

ನಾನು ಬುಟ್ಟಿ ಹೊರುವುದನ್ನು ಬಿಟ್ಟಿಲ್ಲ. ಬಿಟ್ಟರೆ ಉಣ್ಣುವುದು ಏನನ್ನು? ಒಂದು ಬೆಳಿಗ್ಗೆ ನಾನು ಏಳಲಾರದೆ ಒದ್ದಾಡುವಾಗ ಅವನು ಹಿಂದಿನಿಂದ ಬುಟ್ಟಿ ಎತ್ತಿಹಿಡಿದ, ಎಡಗೈಯಲ್ಲಿ. ಇಬ್ಬರೂ ಅದರೊಳಗೆ ಏನಿದೆ ಎಂದು ನೋಡಲಿಲ್ಲ.

ತಟ್ಟೆಯ ವಿಷಯ. ಅದು ಏನೆಂದು ನೀನು ಬರೆದ ಪತ್ರ ಬಂದ ದಿನವೇ ಅದನ್ನು ಗೋಡೆಯಿಂದ ಇಳಿಸಿ ಒಲೆ ಹಿಂದಿನ ಬುಟ್ಟಿಗೆ ಹಾಕಿದ್ದೆ, ಮುರಿದ ಇಕ್ಕಳ, ಸವೆದ ಲಾಳಗಳ ಅಡಿಗೆ. ಅವನಿಗೆ ಕಾಣಬಾರದು ಎಂದು. ಗಿಣ್ಣು ಮಾಡುವುದನ್ನೂ ನಿಲ್ಲಿಸಿದೆ. ಅವನು ಗೋಡೆಯ ಮೊಳೆ ನೋಡುತ್ತಿದ್ದ.

ನಿನ್ನೆ ಸೇಂಟ್ ಮಾರ್ಟಿನ್ ಹಬ್ಬ. ಬೊಡ್ಸನ್ ಅಪ್ಪನ ಗಾಡಿ ತಳ್ಳಿಕೊಂಡು ಬಂದ. “ಮಿತ್ರಾಯ್! ಮಿತ್ರಾಯ್!” ಎಂದು ಅವನ ಗಂಟಲು ಕೇಳಿದ ಕೂಡಲೇ ಕೈಲಿದ್ದ ಪಾತ್ರೆ ಕೆಳಗಿಟ್ಟೆ. ಬುಟ್ಟಿ ನಾನೇ ಒಯ್ಯಬೇಕು ಎಂದು ಕೈ ಒರೆಸಿಕೊಂಡು ಬರುವುದರೊಳಗೆ ರೆಮಿ ಅದನ್ನು ಎತ್ತಿಕೊಂಡು ಬೀದಿಯಲ್ಲಿದ್ದ. ಲೆಯೊಕಾದಿ, ಅವಳ ಗಂಡ, ಮೇಲಿನ ಮನೆಯವರು, ಎಲ್ಲರೂ ತಂತಮ್ಮ ಬುಟ್ಟಿ ಹಿಡಿದು ನಿಂತಿದ್ದರು. ಅವನು ಬಂದ ಮೇಲೆ ಓಣಿಯವರ ಎದುರು ನಿಂತದ್ದು ಅದೇ ಮೊದಲು.

ಬೊಡ್ಸನ್ ಒಂದೊಂದೇ ಎತ್ತಿದ. “ಇದು ಏನಾಗಿತ್ತು?” “ಇಕ್ಕಳ.” “ಇದು?” “ಕತ್ತೆ ಲಾಳ. ಕತ್ತೆಯೂ ಸತ್ತಿತು.” ಅಷ್ಟಕ್ಕೆ ಲೆಯೊಕಾದಿ ಕಿಸಕ್ಕನೆ ನಕ್ಕಳು. ಆಮೇಲೆ ತಟ್ಟೆ ಬಂತು. ಬೊಡ್ಸನ್ ಅದನ್ನು ಬೆಳಕಿಗೆ ಹಿಡಿದ. ತೂತುಗಳಿಂದ ಬಿಸಿಲು ಅವನ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿತ್ತು. ಲೆಯೊಕಾದಿಯ ಗಂಡ ನೆಲ ನೋಡಿದ. ಅದು ಏನೆಂದು ಅಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

“ಇದು ಏನಾಗಿತ್ತು ಮಗಾ?” ಎಂದ ಬೊಡ್ಸನ್.

ನಾನು ಬಾಗಿಲ ಕಂಬ ಹಿಡಿದುಕೊಂಡಿದ್ದೆ.

“ಇದು ನಮ್ಮಮ್ಮ ಗಿಣ್ಣು ಬಸೀತಿದ್ದ ತಟ್ಟೆ” ಅಂದ ರೆಮಿ.

ಬೊಡ್ಸನ್ ತಲೆಯಾಡಿಸಿ ಗಾಡಿಗೆ ಹಾಕಿದ. ಸದ್ದಾಯಿತು. ರೆಮಿ ಖಾಲಿ ಬುಟ್ಟಿ ತಂದು ಒಲೆ ಹಿಂದೆ ಇಟ್ಟು, ಕೈ ತೊಳೆದು, “ಅಮ್ಮಾ, ಹಾಲು ಇದೆಯಾ? ಮಾಮ ಬುಯ್ಯೋಂನಲ್ಲಿ ನಿನ್ನ ಗಿಣ್ಣು ಹುಳಿ ಅಂದ. ಅವನು ಬರುವಾಗ ಮಾಡಿ ಬಾಯಿಗೆ ತುರುಕಬೇಕು” ಅಂದ. ಒಲೆಯ ಮುಂದೆ ಬಗ್ಗಿ ಕೂತು ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಇಂದು ಬೆಳಿಗ್ಗೆಯೂ ಸುತ್ತಿಗೆ ಸದ್ದಿಗೆ ಎದ್ದು ಹಿತ್ತಲಿಗೇ ಹೋದ. ಹೋಗಲಿ. ಹಾಲಿನ ಪಾತ್ರೆಯನ್ನೂ ತೆಗೆದುಕೊಂಡು ಹೋಗಿದ್ದಾನೆ.

ಬರುವ ಭಾನುವಾರ ಬರುತ್ತೀಯಲ್ಲ. ಸಂತೆಬೀದಿಯಲ್ಲಿ ತಗಡಿನ ಬಸಿಯುವ ತಟ್ಟೆ ಸಿಗುತ್ತದೆ, ಒಂದು ತಾ. ತೀರಾ ದೊಡ್ಡದು ಬೇಡ. ತೂತು ಸಣ್ಣದಿರಲಿ, ಸಾಲಾಗಿ ಇರದಿದ್ದರೂ ಪರವಾಗಿಲ್ಲ.

ನಿನ್ನ ಅಕ್ಕ,
ಒಡಿಲ್